ಪೊಟ್ಟಣದ ಹಿಂದೆ ಐವತ್ತು ವರ್ಷದ ದುಡಿಮೆ



ಪಾವಗಡದ ಕಡೆ ಒಂದು ಮುಂಗಾರಿನಲ್ಲಿ ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತಿದ್ದಾಗ ವಯಸ್ಸಾದ ರೈತರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಸ್ವಾಮಿ, ನೀವು ಹೇಳಿದಿರಿ ಅಂತ ಆ ಕಪ್ಪು ಪುಡಿ ತಂದು ಬೀಜಕ್ಕೆ ಹಚ್ಚಿ ಬಿತ್ತಿದೆ. ಹಚ್ಚಿದ ಸಾಲಿಗೂ ಹಚ್ಚದ ಸಾಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಯೂರಿಯಾನೇ ಎರಚಿದೆ. ಈ ಪುಡಿ ಕಂಡುಹಿಡಿದವರು ಎಂದಾದರೂ ಹೊಲಕ್ಕೆ ಇಳಿದಿದ್ದಾರೋ, ಇಲ್ಲ ಕುರ್ಚಿ ಮೇಲೆ ಕೂತೇ ಬರೆದದ್ದೋ?"

ನಾನು ಆಗ ಸರಿಯಾದ ಉತ್ತರ ಕೊಡಲಿಲ್ಲ. ಮಧ್ಯಾಹ್ನ ಅವರು ಪುಡಿ ಕೊಂಡ ಅಂಗಡಿಗೆ ಹೋಗಿ ನೋಡಿದೆ. ಪೊಟ್ಟಣಗಳ ರಟ್ಟಿನ ಪೆಟ್ಟಿಗೆ ಬಾಗಿಲ ಬಳಿ, ತಗಡಿನ ಸೂರಿನ ಕೆಳಗೆ, ಕೀಟನಾಶಕದ ಡಬ್ಬಿಗಳಿಗೆ ಒರಗಿಕೊಂಡು ಬಿಸಿಲು ಕಾಯಿಸುತ್ತಿತ್ತು. ಪೊಟ್ಟಣದ ಮೇಲಿನ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಅದರೊಳಗಿನ ಜೀವ ಯಾವಾಗಲೋ ಹೋಗಿತ್ತು; ಆ ರೈತರು ಹಣ ಕೊಟ್ಟು ಮನೆಗೆ ಒಯ್ದದ್ದು ಬರೀ ಇದ್ದಿಲ ಪುಡಿಯನ್ನು.

ಅವರ ಎರಡನೆಯ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ. ಹೌದು, ಹೊಲಕ್ಕೆ ಇಳಿದವರೇ ಇದನ್ನು ಕಂಡುಹಿಡಿದದ್ದು. ಗೊಬ್ಬರ ಹರಡಿ, ಹಸುವಿನ ಹಾಲು ಕರೆದು, ಆಮೇಲೆ ಸುಮಾರು ಐವತ್ತು ವರ್ಷ ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಒಬ್ಬ ಹೆಣ್ಣುಮಗಳ ಕಥೆ ಇದರ ಹಿಂದಿದೆ. ಈಕೆ ನಮ್ಮ ದೇಶದವರಲ್ಲ. ಆದರೂ ಈಕೆಯ ಜೀವನದಿಂದ ನಮ್ಮ ರೈತರು, ನಮ್ಮ ಅಂಗಡಿಯವರು, ನಮ್ಮ ವಿಶ್ವವಿದ್ಯಾನಿಲಯಗಳು ಕಲಿಯಬೇಕಾದದ್ದು ಬಹಳ ಇದೆ ಎಂಬುದು ನನ್ನ ಅಭಿಪ್ರಾಯ.

ತಲೆಯ ಮೇಲಿನ ಸಂಪತ್ತು

ಮೊದಲು ವಿಷಯವನ್ನು ಸಂಕ್ಷೇಪವಾಗಿ ನೆನಪಿಸಿಕೊಳ್ಳೋಣ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದು ಬೀಗ ಹಾಕಿದ ಕಣಜದಲ್ಲಿರುವ ರಾಗಿಯಂತೆ. ಬೆಳೆ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಕಾರ್ಖಾನೆಯಲ್ಲಿ ಈ ಬೀಗ ತೆಗೆಯಲು ಭಾರಿ ಒತ್ತಡ, ಭಾರಿ ಶಾಖ ಬೇಕು. ಅದಕ್ಕೆ ಇಂಧನ ಬೇಕು, ಇಂಧನಕ್ಕೆ ವಿದೇಶಿ ವಿನಿಮಯ ಬೇಕು. ಆದರೆ ಮಣ್ಣಿನಲ್ಲಿರುವ ಕೆಲವು ಅಣುಜೀವಿಗಳು ಇದೇ ಕೆಲಸವನ್ನು ಸದ್ದಿಲ್ಲದೆ, ಹೊಗೆಯಿಲ್ಲದೆ ಮಾಡುತ್ತವೆ.

ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿ ಈ ಕೆಲಸ ನಡೆಯುತ್ತದೆ ಎಂಬುದನ್ನು ಜರ್ಮನಿಯ ಹೆಲ್‌ರೀಗಲ್ 1886ರಲ್ಲಿ ತೋರಿಸಿಕೊಟ್ಟರು. ಆ ಗಂಟಿನೊಳಗಿನ ಅಣುಜೀವಿಯನ್ನು 1888ರಲ್ಲಿ ಹಾಲೆಂಡಿನ ಬೈಜರಿಂಕ್ ಬೇರ್ಪಡಿಸಿ ಬೆಳೆಸಿದರು. ಅದನ್ನೇ ನಾವು ಇಂದು ರೈಜೋಬಿಯಂ ಎನ್ನುತ್ತೇವೆ. ತೊಗರಿಯ ನಂತರ ಹಾಕಿದ ಜೋಳ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಹಿರಿಯರಿಗೆ ಇದಕ್ಕಿಂತ ಎಷ್ಟೋ ಹಿಂದೆಯೇ ಗೊತ್ತಿತ್ತು. ಏಕೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಸಗಣಿ ಹರಡಿದ ಕೈ

ಈಗ ಕಥೆಗೆ ಬರೋಣ. ಯೋಹಾನ್ನ ಡೊಬೆರೈನರ್ ಹುಟ್ಟಿದ್ದು 1924ರ ನವೆಂಬರ್ 28ರಂದು, ಚೆಕೊಸ್ಲೊವಾಕಿಯದಲ್ಲಿ, ಜರ್ಮನ್ ಭಾಷೆಯ ಮನೆತನದಲ್ಲಿ. ತಂದೆ ಪಾಲ್ ಕುಬೆಲ್ಕ ಪ್ರಾಗ್ ನಗರದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಅಲ್ಲಿನ ಜರ್ಮನ್ ಭಾಷಿಕರನ್ನು ದೇಶದಿಂದ ಹೊರಹಾಕಲಾಯಿತು. ಕುಟುಂಬ ಚದುರಿತು. ತಾಯಿ ಶಿಬಿರವೊಂದರಲ್ಲಿ ತೀರಿಕೊಂಡರು. ಇಪ್ಪತ್ತೊಂದರ ಹರೆಯದ ಮಗಳು ಜರ್ಮನಿ ಸೇರಿ ಹೊಲದ ಕೂಲಿ ಕೆಲಸ ಹಿಡಿದಳು. ಹಾಲು ಕರೆಯುವುದು, ಹೊಲಕ್ಕೆ ಸಗಣಿ ಗೊಬ್ಬರ ಹರಡುವುದು ಅವಳ ಪಾಲಿಗೆ ಬಂದ ದುಡಿಮೆ.

ಅಲ್ಲಿಂದ ಆಕೆ ಮ್ಯೂನಿಕ್ ನಗರಕ್ಕೆ ಹೋಗಿ ಕೃಷಿ ವಿಜ್ಞಾನ ಓದಿದರು. ಪಶುವೈದ್ಯ ಓದುತ್ತಿದ್ದ ಯೂರ್ಗನ್ ಡೊಬೆರೈನರ್ ಅವರನ್ನು ಮದುವೆಯಾದರು. 1950ರಲ್ಲಿ ದಂಪತಿಗಳು ಬ್ರೆಜಿಲ್ ದೇಶಕ್ಕೆ ವಲಸೆ ಹೋದರು. ರಿಯೊ ಡಿ ಜನೈರೊ ನಗರದಿಂದ ಸಾವೊ ಪೌಲೊಗೆ ಹೋಗುವ ಹಳೆಯ ರಸ್ತೆಯ 47ನೆಯ ಕಿಲೋಮೀಟರಿನಲ್ಲಿ, ಸೆರೊಪೆಡಿಕಾ ಎಂಬಲ್ಲಿ, ಸರ್ಕಾರದ ಕೃಷಿ ಸಂಶೋಧನಾ ಕೇಂದ್ರವಿತ್ತು. ಅದರ ಮುಖ್ಯಸ್ಥರಾಗಿದ್ದ ಆಲ್ವಾರೊ ಫಾಗುಂಡಿಸ್ ಈ ಪರದೇಶಿ ಹೆಣ್ಣುಮಗಳಿಗೆ 1951ರಲ್ಲಿ ಮಣ್ಣಿನ ಅಣುಜೀವಿಗಳ ಪ್ರಯೋಗಶಾಲೆಯಲ್ಲಿ ಕೆಲಸ ಕೊಟ್ಟರು. 1956ರಲ್ಲಿ ಆಕೆ ಬ್ರೆಜಿಲ್ ಪೌರತ್ವ ಪಡೆದರು. ಮೂವರು ಮಕ್ಕಳನ್ನು ಸಾಕಿದರು. 1963ರಲ್ಲಿ, ತಮ್ಮ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಸ್ನಾತಕೋತ್ತರ ಪದವಿ ಪಡೆದರು. ಮರಳಿ ಬಂದು ಅದೇ 47ನೆಯ ಕಿಲೋಮೀಟರಿನ ಕೆಲಸಕ್ಕೆ ಕೂತರು. 2000ದ ಅಕ್ಟೋಬರ್ 5ರಂದು ತೀರಿಕೊಂಡದ್ದೂ ಅದೇ ಸೆರೊಪೆಡಿಕಾದಲ್ಲಿ.

ಆಕೆ ಊರೂರು ತಿರುಗಿ ಹುದ್ದೆ ಬದಲಿಸಲಿಲ್ಲ. ಒಂದೇ ಸ್ಥಳ, ಒಂದೇ ಪ್ರಶ್ನೆ: ನಮ್ಮ ಉಷ್ಣವಲಯದ ಮಣ್ಣಿನಲ್ಲಿ ಬೆಳೆಗೆ ಗಾಳಿಯ ಸಾರಜನಕ ಒದಗಿಸುವ ಜೀವಿಗಳು ಯಾವುವು, ಅವು ರೈತನಿಗೆ ಒದಗುವಂತೆ ಮಾಡುವುದು ಹೇಗೆ?

ಸೋಯಾ ಅವರೆಯ ಮೇಲೆ ಕಟ್ಟಿದ ಪಣ

1960ರ ದಶಕದಲ್ಲಿ ಬ್ರೆಜಿಲ್ ಸೋಯಾ ಅವರೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಯಲು ಹೊರಟಿತು. ಅಲ್ಲಿ ಒಂದು ತೀರ್ಮಾನ ಆಗಬೇಕಿತ್ತು. ತಳಿಗಳನ್ನು ಆರಿಸುವಾಗ ಸಾರಜನಕ ಗೊಬ್ಬರ ಹಾಕಿ ಆರಿಸುವುದೋ, ಹಾಕದೆ ಆರಿಸುವುದೋ? ಡೊಬೆರೈನರ್ ಮತ್ತು ಅವರ ಜೊತೆಗಾರರು ಹಿಡಿದ ಪಟ್ಟು ಒಂದೇ: ಸಾರಜನಕ ಗೊಬ್ಬರ ಹಾಕಬೇಡಿ, ಬೀಜಕ್ಕೆ ಒಳ್ಳೆಯ ರೈಜೋಬಿಯಂ ಹಚ್ಚಿ ಬಿತ್ತಿ, ಬೇರುಗಂಟಿನಿಂದಲೇ ಹೊಟ್ಟೆ ತುಂಬಿಸಿಕೊಂಡು ಚೆನ್ನಾಗಿ ಇಳುವರಿ ಕೊಡುವ ತಳಿಯನ್ನು ಉಳಿಸಿಕೊಳ್ಳಿ.

ಇದು ಚಿಕ್ಕ ವಿಚಾರವೆಂದು ತಿಳಿಯಬೇಡಿ. ಲೆಕ್ಕ ಹಾಕಿ ನೋಡಿ. ಒಂದು ಟನ್ ಸೋಯಾ ಕಾಳು ಬರಬೇಕಾದರೆ ಬೆಳೆಗೆ ಸುಮಾರು 80 ಕಿಲೋ ಸಾರಜನಕ ಬೇಕು. ಎಕರೆಗೆ ಹತ್ತು ಕ್ವಿಂಟಾಲ್ ಬಂತೆನ್ನಿ, ಅದೇ ಒಂದು ಟನ್. ಈಗಿನ 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದು ಇಪ್ಪತ್ತೊಂದು ಕಿಲೋಗೂ ಸ್ವಲ್ಪ ಕಡಿಮೆ. ಹಾಕಿದ್ದೆಲ್ಲ ಬೆಳೆಗೇ ದಕ್ಕಿದರೂ ಎಕರೆಗೆ ನಾಲ್ಕು ಚೀಲ ಬೇಕಾಗುತ್ತದೆ. ಆದರೆ ಹಾಕಿದ್ದೆಲ್ಲ ದಕ್ಕುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಅರ್ಧದಷ್ಟು ಗಾಳಿಗೂ ನೀರಿಗೂ ಹೋಗುತ್ತದೆ. ಈ ಖರ್ಚನ್ನೆಲ್ಲ ಬೀಜಕ್ಕೆ ಹಚ್ಚುವ ಒಂದು ಪುಟ್ಟ ಪೊಟ್ಟಣ ಉಳಿಸಬಲ್ಲುದು, ಅದು ಜೀವಂತವಾಗಿದ್ದರೆ.

ಬ್ರೆಜಿಲ್ ಈ ದಾರಿ ಹಿಡಿಯಿತು. ಇಂದು ಆ ದೇಶ ಸೋಯಾ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲು. ಅಷ್ಟು ಬೆಳೆಗೂ ಬೇಕಾದ ಸಾರಜನಕದಲ್ಲಿ ಬಹುಪಾಲು ಗಾಳಿಯಿಂದಲೇ ಬರುತ್ತದೆ. ಪ್ರತಿ ವರ್ಷ ಅವರು ಉಳಿಸುವ ಗೊಬ್ಬರದ ಬೆಲೆ ನೂರಾರು ಕೋಟಿ ಡಾಲರುಗಳಲ್ಲಿದೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಡೊಬೆರೈನರ್ ಬರೀ ಪುಡಿ ಹಂಚಲಿಲ್ಲ. ಪುಡಿ ಎಲ್ಲಿ ಸೋಲುತ್ತದೆ ಎಂಬುದನ್ನೂ ಹುಡುಕಿದರು. ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಅಂಶ ಅತಿಯಾಗಿ ಕರಗಿ ಬೀನ್ಸ್ ಗಿಡದ ಬೇರುಗಂಟುಗಳಿಗೆ ವಿಷವಾಗುತ್ತದೆ ಎಂಬುದನ್ನು 1966ರಲ್ಲಿ ಪ್ರಕಟಿಸಿದರು. ಮಲೆನಾಡಿನ, ಕರಾವಳಿಯ ರೈತರು ಈ ಮಾತನ್ನು ನೆನಪಿಡಬೇಕು. ಮಣ್ಣಿನ ಹುಳಿಯನ್ನು ಸುಣ್ಣದಿಂದ ತಿದ್ದದೆ ಅಣುಜೀವಿಯನ್ನು ದೂರಿ ಫಲವಿಲ್ಲ.

ಉತ್ಸಾಹ, ಪೆಟ್ಟು, ತಿದ್ದುಪಡಿ

ದ್ವಿದಳ ಧಾನ್ಯದ ಕಥೆ ಹೀಗಾಯಿತು. ಹುಲ್ಲಿನ ಜಾತಿಗೆ ಸೇರಿದ ಜೋಳ, ರಾಗಿ, ಭತ್ತ, ಕಬ್ಬು ಇವುಗಳ ಗತಿ ಏನು? ಇವುಗಳ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ. ಆದರೂ ಅವುಗಳ ಬೇರಿನ ಸುತ್ತ ಸಾರಜನಕ ಹಿಡಿಯುವ ಜೀವಿಗಳಿರಬಹುದು ಎಂಬುದು ಡೊಬೆರೈನರ್ ಅವರ ಗುಮಾನಿ. 1958ರಲ್ಲಿ ಕಬ್ಬಿನ ಬೇರಿನ ಬಳಿ, 1966ರಲ್ಲಿ ಪಾಸ್ಪಲಂ ಎಂಬ ಹುಲ್ಲಿನ ಬೇರಿನ ಮೇಲೆ ಇಂಥ ಹೊಸ ಅಣುಜೀವಿಗಳನ್ನು ಹಿಡಿದು ತೋರಿಸಿದರು. ಬಹಳ ಮಂದಿ ಇದನ್ನು ನಂಬಲಿಲ್ಲ.

1970ರ ದಶಕದ ನಡುವಿನಲ್ಲಿ ದೊಡ್ಡ ಸುದ್ದಿ ಬಂತು. ಬೈಜರಿಂಕ್ 1920ರ ದಶಕದಲ್ಲಿ ಕಂಡು, ಆಮೇಲೆ ಬಹುಮಟ್ಟಿಗೆ ಎಲ್ಲರೂ ಮರೆತಿದ್ದ ಸುರುಳಿಯಾಕಾರದ ಒಂದು ಜೀವಿಯನ್ನು ಡೊಬೆರೈನರ್ ಹುಲ್ಲುಗಳ ಬೇರಿನಲ್ಲಿ, ಮುಸುಕಿನ ಜೋಳದ ಬೇರಿನಲ್ಲಿ ಮತ್ತೆ ಮತ್ತೆ ಕಂಡರು. ಅದನ್ನು ಹಿಡಿದ ಉಪಾಯ ಎಷ್ಟು ಸರಳ ನೋಡಿ. ಈ ಜೀವಿಗೆ ಗಾಳಿ ಬೇಕು, ಆದರೆ ಹೆಚ್ಚಾದರೆ ಸಾರಜನಕ ಹಿಡಿಯುವ ಕೆಲಸ ನಿಲ್ಲುತ್ತದೆ. ಆದ್ದರಿಂದ ಆಕೆ ಗಟ್ಟಿಯೂ ಅಲ್ಲದ ನೀರೂ ಅಲ್ಲದ, ಅರೆಬರೆ ಹೆಪ್ಪಾದ ಮೊಸರಿನಂಥ ಆಹಾರ ಮಾಡಿ ಪುಟ್ಟ ಸೀಸೆಗಳಲ್ಲಿ ತುಂಬಿದರು. ಜೀವಿ ತನಗೆ ಒಪ್ಪುವಷ್ಟು ಗಾಳಿ ಇರುವ ಆಳಕ್ಕೆ ತಾನೇ ಇಳಿದು, ಮೇಲ್ಮೈಯಿಂದ ಕೆಲವೇ ಮಿಲಿಮೀಟರ್ ಕೆಳಗೆ ತೆಳುವಾದ ಕೆನೆಯಂತೆ ಕಟ್ಟಿಕೊಂಡಿತು. ದುಬಾರಿ ಯಂತ್ರ ಬೇಕಾಗಲಿಲ್ಲ. 1978ರಲ್ಲಿ ಇದಕ್ಕೆ ಅಜೋಸ್ಪಿರಿಲಂ ಎಂಬ ಹೆಸರು ಬಂತು. ರಾಗಿ, ಜೋಳದ ಬೀಜಕ್ಕೆ ಹಚ್ಚಲು ನಿಮ್ಮ ಅಂಗಡಿಯಲ್ಲಿ ಮಾರುವ ಪೊಟ್ಟಣದ ಮೇಲೆ ಇರುವ ಹೆಸರು ಇದೇ.

1973ರ ನಂತರ ಎಣ್ಣೆ ಬೆಲೆ ಏರಿ ಗೊಬ್ಬರದ ಬೆಲೆಯೂ ಏರಿದ್ದ ಕಾಲವದು. ಯೂರಿಯಾ ಇಲ್ಲದೆ ಜೋಳ ಬೆಳೆಯಬಹುದು ಎಂಬ ಆಸೆ ಜಗತ್ತಿನಲ್ಲೆಲ್ಲ ಹಬ್ಬಿತು. ಆದರೆ ಬೇರೆ ದೇಶಗಳ ಹೊಲಗಳಲ್ಲಿ ಪ್ರಯೋಗ ಮಾಡಿದಾಗ ಅಷ್ಟು ಫಲ ಕಾಣಲಿಲ್ಲ. ಅಳತೆಯ ವಿಧಾನದಲ್ಲಿಯೇ ಒಂದು ದೋಷವಿತ್ತು. ಬೇರನ್ನು ಕತ್ತರಿಸಿ ರಾತ್ರಿಯಿಡೀ ಇಟ್ಟು ಅಳೆಯುತ್ತಿದ್ದರು. ಅಷ್ಟರಲ್ಲಿ ಅಣುಜೀವಿಗಳು ಬೆಳೆದು ಹೆಚ್ಚಾಗಿ, ಹೊಲದಲ್ಲಿ ಇಲ್ಲದಷ್ಟು ಸಾರಜನಕವನ್ನು ತೋರಿಸುತ್ತಿದ್ದವು. ಟೀಕೆಗಳು ಬಂದವು, ಕಟುವಾಗಿಯೇ ಬಂದವು.

ಮುಂದಿನ ವರ್ಷಗಳ ಕೆಲಸದಿಂದ ತಿಳಿದುಬಂದದ್ದು ಇಷ್ಟು: ಅಜೋಸ್ಪಿರಿಲಂ ಜೋಳಕ್ಕೆ ಕೊಡುವ ಸಾರಜನಕ ಅಲ್ಪ. ಅದರ ಮುಖ್ಯ ಉಪಕಾರ ಬೇರೆ. ಅದು ಬೆಳವಣಿಗೆಯ ಚೋದಕಗಳನ್ನು ಸುರಿಸಿ ಬೇರನ್ನು ಹೆಚ್ಚಿಸುತ್ತದೆ. ಬೇರು ಹೆಚ್ಚಾದರೆ ಗಿಡ ನೀರನ್ನೂ ಗೊಬ್ಬರವನ್ನೂ ಹೆಚ್ಚಾಗಿ ಹೀರುತ್ತದೆ. ಹಲವು ದೇಶಗಳಲ್ಲಿ ಇಪ್ಪತ್ತು ವರ್ಷ ನಡೆದ ಪ್ರಯೋಗಗಳನ್ನು 1994ರಲ್ಲಿ ಒಟ್ಟು ಮಾಡಿ ನೋಡಿದಾಗ, ಹತ್ತರಲ್ಲಿ ಆರೇಳು ಪ್ರಯೋಗಗಳಲ್ಲಿ ಇಳುವರಿ ಶೇಕಡ 5ರಿಂದ 30ರವರೆಗೆ ಹೆಚ್ಚಿತ್ತು. ಉಳಿದ ಮೂರ್ನಾಲ್ಕರಲ್ಲಿ ಹೆಚ್ಚಿರಲಿಲ್ಲ.

ಇದನ್ನು ನಾನು ಮುಚ್ಚಿಡದೆ ಹೇಳುತ್ತಿರುವುದಕ್ಕೆ ಕಾರಣವಿದೆ. ಈ ಪೊಟ್ಟಣ ಬಳಸಿದರೆ ಯೂರಿಯಾ ಬೇಕಿಲ್ಲ ಎಂದು ಯಾರಾದರೂ ನಿಮ್ಮ ಜೋಳದ ಹೊಲದಲ್ಲಿ ನಿಂತು ಹೇಳಿದರೆ ಅದು ವಿಜ್ಞಾನದ ಮಾತಲ್ಲ, ವ್ಯಾಪಾರದ ಮಾತು. ಇದು ಬರೀ ಮೋಸ ಎಂದು ಇನ್ನೊಬ್ಬರು ಹೇಳಿದರೆ ಅದೂ ಸರಿಯಲ್ಲ. ಹತ್ತರಲ್ಲಿ ಆರು ಸಲ ನೆರವಾಗುವ, ಅಲ್ಪ ಖರ್ಚಿನ ವಸ್ತುವನ್ನು ತಿಳಿದು ಬಳಸುವುದು ಜಾಣತನ.

ಕಬ್ಬಿನ ಒಳಗಿನ ಬಾಡಿಗೆದಾರ

ಟೀಕೆ ಬಂದ ಮೇಲೆ ಡೊಬೆರೈನರ್ ಅಂಗಡಿ ಮುಚ್ಚಲಿಲ್ಲ. ಬೇರಿನ ಹೊರಗಿನಿಂದ ಒಳಗೆ ಹೊರಳಿದರು. ಬ್ರೆಜಿಲಿನ ಅನೇಕ ಕಬ್ಬಿನ ಗದ್ದೆಗಳಲ್ಲಿ ದಶಕಗಳಿಂದ ಸಾರಜನಕ ಗೊಬ್ಬರ ಬಹಳ ಕಡಿಮೆ ಹಾಕಿದ್ದರೂ ಇಳುವರಿ ಕುಸಿದಿರಲಿಲ್ಲ. ಹೋದ ಸಾರಜನಕಕ್ಕೆ ಬದಲು ಎಲ್ಲಿಂದ ಬರುತ್ತಿದೆ ಎಂಬುದು ಆಕೆಯ ಪ್ರಶ್ನೆ. 1988ರಲ್ಲಿ ಆಕೆ ಮತ್ತು ಸಹೋದ್ಯೋಗಿ ಕಬ್ಬಿನ ಬೇರು ಮತ್ತು ಕಾಂಡದ ಒಳಗೇ ವಾಸಿಸುವ ಹೊಸ ಅಣುಜೀವಿಯನ್ನು ಪ್ರಕಟಿಸಿದರು. ಶೇಕಡ ಹತ್ತರಷ್ಟು ಸಕ್ಕರೆ ಇರುವ ಹುಳಿ ದ್ರವದಲ್ಲೂ ಅದು ಸುಖವಾಗಿ ಬೆಳೆದು ಸಾರಜನಕ ಹಿಡಿಯುತ್ತಿತ್ತು. ಕಬ್ಬಿನ ರಸವೇ ಅದಕ್ಕೆ ಮನೆ.

ಎಲ್ಲ ಕಬ್ಬಿನ ತಳಿಗಳೂ ಹೀಗೆ ಗಾಳಿಯ ಸಾರಜನಕ ಪಡೆಯುವುದಿಲ್ಲ. ಕೆಲವು ತಳಿಗಳು ಗಣನೀಯವಾಗಿ ಪಡೆಯುತ್ತವೆ, ಕೆಲವು ಅತ್ಯಲ್ಪ. ಬ್ರೆಜಿಲ್ ತಳಿಗಳು ಹಲವು ಕಾಲದಿಂದ ಕಡಿಮೆ ಗೊಬ್ಬರದಲ್ಲಿ ಆಯ್ಕೆಯಾಗಿ ಬಂದವು. ನಮ್ಮಲ್ಲಿ ಕಬ್ಬಿಗೆ ಹೆಕ್ಟೇರಿಗೆ ಸುಮಾರು 250 ಕಿಲೋ ಸಾರಜನಕದ ಶಿಫಾರಸು ಇದೆ, ಅದಕ್ಕಿಂತ ಹೆಚ್ಚು ಹಾಕುವವರೂ ಇದ್ದಾರೆ. ಅಷ್ಟು ಸುರಿದ ಹೊಲದಲ್ಲಿ ತಳಿ ಆರಿಸಿದರೆ, ಗಾಳಿಯಿಂದ ದುಡಿದು ತಿನ್ನಬಲ್ಲ ತಳಿ ಯಾವುದು ಎಂಬುದು ಹೇಗೆ ಕಣ್ಣಿಗೆ ಬೀಳಬೇಕು? ಮನೆ ಬಾಗಿಲಿಗೆ ಬಿಟ್ಟಿ ಊಟ ಬರುತ್ತಿದ್ದರೆ ಒಲೆ ಹಚ್ಚುವವರು ಯಾರು?

ಡೊಬೆರೈನರ್ ಅವರ ಕೆಲಸ ಅವರ ಜೊತೆಗೆ ಮುಗಿಯಲಿಲ್ಲ. ಅವರ ಬಳಿ ಕೆಲಸ ಕಲಿತವರಲ್ಲಿ ಒಬ್ಬರಾದ ಮರಿಯಾಂಜೆಲಾ ಹಂಗ್ರಿಯಾ ಬ್ರೆಜಿಲಿನ ಸೋಯಾ ಸಂಶೋಧನಾ ಕೇಂದ್ರದಲ್ಲಿ ದುಡಿದು, ಅಜೋಸ್ಪಿರಿಲಂನ ಆಯ್ದ ಬಗೆಗಳನ್ನು 2009ರಲ್ಲಿ ಮುಸುಕಿನ ಜೋಳ ಮತ್ತು ಗೋಧಿಯ ರೈತರ ಕೈಗೆ ತಲುಪಿಸಿದರು. ಸೋಯಾ ಬೀಜಕ್ಕೆ ರೈಜೋಬಿಯಂ ಜೊತೆ ಅಜೋಸ್ಪಿರಿಲಂ ಸೇರಿಸಿ ಹಚ್ಚುವ ಪದ್ಧತಿಯನ್ನೂ ರೂಢಿಗೆ ತಂದರು. 2025ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. 1974ರ ಸುಮಾರಿಗೆ ಸೀಸೆಯಲ್ಲಿ ಕಂಡ ಕೆನೆ 2009ಕ್ಕೆ ಹೊಲ ಸೇರಿತು. ಲೆಕ್ಕ ಹಾಕಿ, ಮೂವತ್ತೈದು ವರ್ಷ. ತಾಳಿದವನು ಬಾಳಿಯಾನು ಎಂಬ ಗಾದೆ ವಿಜ್ಞಾನಕ್ಕೂ ಸಲ್ಲುತ್ತದೆ.

ನಮ್ಮವರಿಗೆ ನನ್ನ ಬಿನ್ನಹ

ಮೊದಲು ನಮ್ಮವರನ್ನೇ ಕೇಳುತ್ತೇನೆ. ಮೂರು ವರ್ಷದ ಯೋಜನೆ, ಮೂರು ವರ್ಷಕ್ಕೆ ವರದಿ, ಆಮೇಲೆ ಹೊಸ ಯೋಜನೆ ಎಂಬ ಪದ್ಧತಿಯಲ್ಲಿ ಡೊಬೆರೈನರ್ ಅಂಥವರು ಹುಟ್ಟುವುದಿಲ್ಲ. ಮಣ್ಣಿನ ಜೀವಿಗಳ ಕೆಲಸಕ್ಕೆ ಒಬ್ಬ ವಿಜ್ಞಾನಿಯನ್ನು ಒಂದೇ ಸ್ಥಳದಲ್ಲಿ ಇಪ್ಪತ್ತು ವರ್ಷವಾದರೂ ಬಿಡಬೇಕು. ವರ್ಗಾವಣೆಯ ಆದೇಶ ಬಂದು, ಸೀಸೆಗಳನ್ನು ಅರ್ಧಕ್ಕೆ ಬಿಟ್ಟು ಹೋಗುವ ಪರಿಸ್ಥಿತಿ ಬರಬಾರದು. ಬೀದರಿನ ಕಪ್ಪು ಭೂಮಿಯ ಜೀವಿ ಬೇರೆ, ಪಾವಗಡದ ಕೆಂಪು ಮಣ್ಣಿನ ಜೀವಿ ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂದು ದೂರದ ಬಗೆಗಳನ್ನೇ ತಂದು ಹಂಚದೆ, ನಮ್ಮ ನಮ್ಮ ಮಣ್ಣಿನಿಂದಲೇ ಹುರುಪಿನ ಜೀವಿಗಳನ್ನು ಆರಿಸಬೇಕು. ತಳಿ ಪರೀಕ್ಷೆಯಲ್ಲಿ ಪೂರ್ಣ ಗೊಬ್ಬರದ ತಾಕಿನ ಪಕ್ಕದಲ್ಲಿ ಸಾರಜನಕ ಹಾಕದ ತಾಕು ಒಂದು ಇರಲೇಬೇಕು. ಅಲ್ಲಿ ಗೆದ್ದ ತಳಿಯೇ ಒಣ ಬೇಸಾಯದ ರೈತನಿಗೆ ಬೇಕಾದ ತಳಿ.

ಎರಡನೆಯದು ಪೊಟ್ಟಣದ ಮಾತು. ಜೈವಿಕ ಗೊಬ್ಬರಗಳು 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದಿವೆ. ಪುಡಿಯ ರೂಪದ ಒಂದು ಗ್ರಾಮಿನಲ್ಲಿ ಕನಿಷ್ಠ ಐದು ಕೋಟಿ, ದ್ರವ ರೂಪದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ ಹತ್ತು ಕೋಟಿ ಜೀವಂತ ಅಣುಜೀವಿಗಳು ಇರಬೇಕೆಂಬುದು ಕಾನೂನು. ಯೂರಿಯಾ ಬಿಸಿಲಿನಲ್ಲಿದ್ದರೂ ಯೂರಿಯಾನೇ. ಆದರೆ ಇದು ಜೀವ, ಬಿಸಿಲಿಗೆ ಸಾಯುತ್ತದೆ. ತಯಾರಕರಲ್ಲಿ ಚೆನ್ನಾಗಿದ್ದದ್ದು ಅಂಗಡಿಯಲ್ಲಿ ಸತ್ತರೆ ರೈತನಿಗೆ ಬಂದ ಲಾಭವೇನು? ಮಾದರಿ ತೆಗೆಯುವವರು ತಯಾರಿಕೆಯ ಸ್ಥಳದಲ್ಲಿ ಮಾತ್ರ ತೆಗೆಯದೆ, ಮೇ ತಿಂಗಳ ಮಧ್ಯಾಹ್ನ ಅಂಗಡಿಯ ಕಪಾಟಿನಿಂದಲೂ ತೆಗೆಯಲಿ. ಆಗ ನಿಜ ಗೊತ್ತಾಗುತ್ತದೆ.

ನೀವು ಮಾಡಬೇಕಾದದ್ದು

ಇನ್ನು ನಿಮ್ಮ ಪಾಲಿನ ಕೆಲಸ. ಇದು ಕಷ್ಟದ್ದೇನೂ ಅಲ್ಲ.

ಪೊಟ್ಟಣ ಕೊಳ್ಳುವಾಗ ಮೂರು ಅಂಶ ನೋಡಿ: ಯಾವ ಬೆಳೆಗೆ ಎಂದು ಬರೆದಿದೆ, ಅವಧಿ ಯಾವಾಗ ಮುಗಿಯುತ್ತದೆ, ಅಂಗಡಿಯವರು ಅದನ್ನು ಎಲ್ಲಿ ಇಟ್ಟಿದ್ದರು. ಸೋಯಾದ ರೈಜೋಬಿಯಂ ಕಡಲೆಗೆ ಆಗದು, ಕಡಲೆಯದು ಸೋಯಾಗೆ ಆಗದು. ಬಿಸಿಲಿನಲ್ಲಿದ್ದ ಪೆಟ್ಟಿಗೆಯದ್ದು ಬೇಡವೆನ್ನಿ. ರಶೀದಿ ಕೇಳಿ ಪಡೆಯಿರಿ. ಅನುಮಾನವಿದ್ದರೆ ಪೊಟ್ಟಣ ಮತ್ತು ರಶೀದಿಯೊಂದಿಗೆ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ದೂರು ಬರೆಯಿಸಿ.

ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಒಂದು ಎಕರೆಯ ಬೀಜಕ್ಕೆ 200 ಗ್ರಾಂ ಪುಡಿ ಸಾಕು. ಬೆಲ್ಲದ ಪಾಕ ಬೀಜಕ್ಕೆ ಅಂಟುವಷ್ಟು ಮಾತ್ರ ಚಿಮುಕಿಸಿ, ಪುಡಿ ಉದುರಿಸಿ, ಹಗುರವಾಗಿ ಕಲಸಿ. ಕಡಲೆಕಾಯಿ ಬೀಜದ ಸಿಪ್ಪೆ ಕಿತ್ತುಹೋಗದಂತೆ ಎಚ್ಚರವಿರಲಿ. ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದನ್ನು ಮೊದಲು ಹಚ್ಚಿ, ಒಣಗಿದ ಮೇಲೆ ಕೊನೆಗೆ ಅಣುಜೀವಿ ಗೊಬ್ಬರ ಹಚ್ಚಿ.

ದ್ವಿದಳ ಬೆಳೆಗೆ ಬಿತ್ತುವಾಗ ಶಿಫಾರಸಿನಷ್ಟು ಅಲ್ಪ ಸಾರಜನಕ ಕೊಟ್ಟರೆ ಸಾಕು. ಅದು ಗಂಟು ಕಟ್ಟುವವರೆಗಿನ ಬುತ್ತಿ. ಆಮೇಲೆ ಯೂರಿಯಾ ಎರಚಿದರೆ ಗಿಡವೇ ಗಂಟುಗಳಿಗೆ ಊಟ ಹಾಕುವುದನ್ನು ನಿಲ್ಲಿಸುತ್ತದೆ. ಹಣವೂ ಹೋಯಿತು, ಗಂಟೂ ಹೋಯಿತು. ಬದಲಿಗೆ ರಂಜಕದ ಕಡೆ ಗಮನ ಕೊಡಿ. ರಂಜಕವಿಲ್ಲದೆ ಬೇರುಗಂಟು ದುಡಿಯಲಾರದು.

ಬಿತ್ತಿದ 30ರಿಂದ 40 ದಿನಕ್ಕೆ ಒಂದು ಕೆಲಸ ಮಾಡಿ. ಹೊಲದ ನಾಲ್ಕೈದು ಕಡೆ ಒಂದೊಂದು ಗಿಡವನ್ನು ಸನಿಕೆಯಿಂದ ಮಣ್ಣು ಸಮೇತ ಅಗೆದು ತೆಗೆಯಿರಿ. ಕೈಯಿಂದ ಎಳೆದರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ನೀರಿನಲ್ಲಿ ಅದ್ದಿ ತೊಳೆದು, ಗಂಟೊಂದನ್ನು ಉಗುರಿನಿಂದ ಸೀಳಿ. ಒಳಗೆ ತಿಳಿಗೆಂಪು ಬಣ್ಣವಿದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಗಂಟು ಬೇರಿನಿಂದ ಸುಲಭವಾಗಿ ಬಿಡಿಸಿಕೊಳ್ಳದೆ, ಬೇರೇ ಊದಿಕೊಂಡಂತಿದ್ದರೆ ಅದು ಜಂತುಹುಳುವಿನ ಬಾಧೆ, ಅದನ್ನು ಉಪಕಾರಿಯೆಂದು ಭ್ರಮಿಸಬೇಡಿ.

ಇನ್ನೊಂದು ಮಾತು. ಪುಡಿ ಹಚ್ಚದೆಯೂ ಗಂಟು ಚೆನ್ನಾಗಿ ಕಟ್ಟಿ ಒಳಗೆ ಕೆಂಪಾಗಿದ್ದರೆ ನಿಮ್ಮ ಮಣ್ಣಿನಲ್ಲಿ ಒಳ್ಳೆಯ ಜೀವಿ ಈಗಾಗಲೇ ಇದೆ. ಕಡಲೆಕಾಯಿ, ಅಲಸಂದೆ, ತೊಗರಿ ಬಹುಕಾಲ ಬೆಳೆದ ಹೊಲಗಳಲ್ಲಿ ಹೀಗಿರುವುದು ಸಾಮಾನ್ಯ. ಅಂಥ ಹೊಲದಲ್ಲಿ ಪುಡಿಯಿಂದ ಹೆಚ್ಚಿನ ಫಲ ಕಾಣದಿದ್ದರೆ ಅಚ್ಚರಿಯಿಲ್ಲ. ಆದರೆ ಸೋಯಾ ಹೊಸ ಬೆಳೆ. ಅದರ ಜೀವಿ ನಮ್ಮ ಮಣ್ಣಿನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಬೀದರ್, ಬೆಳಗಾವಿ, ಧಾರವಾಡದ ಕಡೆ ಮೊದಲ ಸಲ ಸೋಯಾ ಬಿತ್ತುವ ಹೊಲದಲ್ಲಿ ರೈಜೋಬಿಯಂ ಹಚ್ಚದೆ ಬಿತ್ತುವುದು ಎತ್ತಿಲ್ಲದೆ ನೇಗಿಲು ಹೂಡಿದಂತೆ.

ಯಾರ ಮಾತನ್ನೂ, ನನ್ನ ಮಾತನ್ನೂ, ಹಾಗೆಯೇ ನಂಬಬೇಡಿ. ಹೊಲದ ಒಂದು ಅಂಚಿನಲ್ಲಿ ಎರಡು ಗುಂಟೆಗೆ ಪುಡಿ ಹಚ್ಚದ ಬೀಜ ಬಿತ್ತಿ. ಹಚ್ಚದ ಬೀಜವನ್ನು ಮೊದಲು ಬಿತ್ತಿ ಮುಗಿಸಿ, ಆಮೇಲೆ ಹಚ್ಚಿದ್ದನ್ನು ಬಿತ್ತಿ; ಇಲ್ಲವಾದರೆ ಕೂರಿಗೆಯಲ್ಲಿ ಅಂಟಿದ ಪುಡಿ ಎರಡಕ್ಕೂ ಬೆರೆಯುತ್ತದೆ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಮೂರು ವರ್ಷ ಹೀಗೆ ಮಾಡಿದರೆ ನಿಮ್ಮ ಹೊಲದ ಬಗ್ಗೆ ಯಾವ ವಿಜ್ಞಾನಿಗೂ ತಿಳಿಯದ ಸಂಗತಿ ನಿಮಗೆ ತಿಳಿದಿರುತ್ತದೆ. ಆ ಚೀಟಿಯನ್ನು ನಮಗೆ ತಂದು ತೋರಿಸಿ.

ಪಾವಗಡದ ಆ ಹಿರಿಯರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಅವರ ಕೋಪ ನ್ಯಾಯವಾದದ್ದು. ಐವತ್ತು ವರ್ಷ ಒಬ್ಬಾಕೆ ದುಡಿದು ಹಿಡಿದುಕೊಟ್ಟ ಜೀವವನ್ನು ನಾವು ನಾಲ್ಕು ತಿಂಗಳು ತಗಡಿನ ಕೆಳಗಿಟ್ಟು ಕೊಂದೆವು. ತಪ್ಪು ಪುಡಿಯದ್ದಲ್ಲ, ಅವರದ್ದೂ ಅಲ್ಲ. ಬರುವ ಮುಂಗಾರಿಗೆ ಮುಂಚೆ ಅದನ್ನು ತಿದ್ದಿಕೊಳ್ಳುವುದು ಅಂಗಡಿಯವರದೂ ನಮ್ಮಂಥವರದೂ ಹೊಣೆ. ಮುಂಗಾರಿನಲ್ಲಿ ಸನಿಕೆ ಹಿಡಿದು ಒಂದು ಗಿಡ ಅಗೆದು ನೋಡುವುದು ನಿಮ್ಮದು.